ಫೆಹೀಮನ ಕಾರಿಗೆ ಚಳಿಗಾಲದ ಟೈರು

ಅಕ್ಟೋಬರ್ 19, ಬೆಳಿಗ್ಗೆ

ಮೈನಸ್ ಮೂರು. ಜಗಲಿಯ ಥರ್ಮಾಮೀಟರ್ ಓದಿ ಬಂದು ಕಾಫಿಗೆ ಕೂತೆ. ಹವಾಮಾನ ಕೇಂದ್ರದಿಂದ ನಿವೃತ್ತನಾದ ಮೇಲೂ ಈ ಚಟ ಬಿಟ್ಟಿಲ್ಲ. ಅಂಗಳದ ಹುಲ್ಲು ಬೆಳ್ಳಗಾಗಿದೆ. ಬೆಟ್ಟದ ಮೇಲಿನ ನಮ್ಮ ಊರು ಸ್ಯೆನಿತ್ಸಾದಲ್ಲಿ ಇನ್ನು ಏಪ್ರಿಲ್‌ವರೆಗೆ ಇದೇ.

ಗ್ಯಾರೇಜಿನಲ್ಲಿ ಫೆಹೀಮನ ಕಾರು. ಫೆಹೀಮ್ ನನ್ನ ಹೆಂಡತಿ ಜುಮ್ರೇತಾಳ ತಮ್ಮ, ಸ್ಟುಟ್‌ಗಾರ್ಟಿನಲ್ಲಿ ನೆಲೆಸಿದವನು. ಬೇಸಿಗೆಯಲ್ಲಿ ಬಂದಾಗ, ತಾನು ಹೊಸದು ಕೊಂಡಿದ್ದೇನೆಂದು ಈ ಕಪ್ಪು ಸೆಡಾನನ್ನು ನಮ್ಮಲ್ಲೇ ಬಿಟ್ಟು ಹೋದ. ಓಡಿಸಿಕೊಂಡಿರಿ ಭಾವ, ಆದರೆ ಕಾರು ನನ್ನದೇ, ಎಂದ. ತೊಗಲಿನ ಸೀಟು. ಗುಂಡಿ ಒತ್ತಿದರೆ ಕೂತಲ್ಲೇ ಬೆಚ್ಚಗಾಗುತ್ತದೆ. ಮನೆಗೆ ಎರಡು ಗಾಡಿ ಯಾಕೆ ಎಂದು ಅವನೇ ಹೇಳಿ, ನನ್ನ ಹಳೆಯ ನೀವಾ ಜೀಪನ್ನು ಪಕ್ಕದ ಮನೆಯ ಶಾಚಿರನಿಗೆ ಮಾರಿಸಿದ. ಚಳಿಗಾಲದ ಟೈರುಗಳ ಸಮೇತ. ಪತ್ರಿಕೆಯಲ್ಲಿ ಬಂದ ಟೈರು ಪರೀಕ್ಷೆಗಳ ವರದಿಗಳನ್ನೆಲ್ಲ ಓದಿ, ಅಳೆದು ತೂಗಿ ನಾನು ಆರಿಸಿದ್ದ ಟೈರುಗಳು.

ಮಗಳು ಎಲ್ಮಾ ನಿನ್ನೆ ಬಂದಳು. ಅಳಿಯ ಆಸ್ಟ್ರಿಯಾದಲ್ಲಿ ಕಟ್ಟಡ ಕೆಲಸದಲ್ಲಿದ್ದಾನೆ. ಚೊಚ್ಚಲ ಹೆರಿಗೆ, ತವರಿನಲ್ಲೇ. ದಿನ ತುಂಬುವುದು ಜನವರಿಯಲ್ಲಿ. ಆಸ್ಪತ್ರೆ ನೋವಿ ಪಜಾರ್‌ನಲ್ಲಿ, ಘಟ್ಟದ ಆಚೆ.

ಸೆಡಾನಿಗಿರುವುದು ಬೇಸಿಗೆಯ ಟೈರು. ಹಿಂದಿನ ಚಕ್ರದಿಂದ ಓಡುವ ಗಾಡಿ. ಹಿಮದಲ್ಲಿ ಅಂಗಳವನ್ನೂ ದಾಟದು. ಟೈರು ನೋಡಬೇಕು.

ಅಕ್ಟೋಬರ್ 24

ಬೇಚೋನ ಟೈರ್ ಅಂಗಡಿಗೆ ಹೋಗಿದ್ದೆ. ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು ಅಳತೆ ಓದಿದ. ಟೋಪಿ ತೆಗೆದು ತಲೆ ಕೆರೆದುಕೊಂಡ.

"ಇದು ಕಾರಲ್ಲ ಅಣ್ಣಾ, ಮದುಮಗಳು. ಇವಳ ಪಾದಕ್ಕಾಗೋ ಚಪ್ಪಲಿ ನನ್ನ ಹತ್ರ ಇಲ್ಲ."

ದೊಡ್ಡ ಹೆಸರಿನ ಟೈರು ತರಿಸಿದರೆ ನನ್ನ ಪಿಂಚಣಿ ಸಾಲದು. ತೀರಾ ಅಗ್ಗದ್ದೂ ಇದೆ. ಪರೀಕ್ಷೆಯಲ್ಲಿ ಒದ್ದೆ ರಸ್ತೆಯ ಮೇಲೆ ನಿಂತೇ ಇಲ್ಲ. ಚಿಕ್ಕ ಕಬ್ಬಿಣದ ಚಕ್ರ ತಂದು ಅದಕ್ಕೆ ಕಡಿಮೆ ಬೆಲೆಯ ಟೈರು ಹಾಕಿಸುವುದು ಜಾಣತನ ಎಂದುಕೊಂಡಿದ್ದೆ. ಅದೂ ಆಗದು. ಈ ಕಾರಿನ ಬ್ರೇಕು ದೊಡ್ಡದು, ಚಿಕ್ಕ ಚಕ್ರ ಕೂರುವುದೇ ಇಲ್ಲ.

ಸಂಜೆಯೆಲ್ಲ ಓದಿ ಒಂದನ್ನು ಆರಿಸಿದೆ. ನಡುವಿನ ಬೆಲೆ. ಹಿಮದ ಮೇಲೆ ಚೆನ್ನಾಗಿ ನಿಲ್ಲುತ್ತದೆ. ಸದ್ದು ಸ್ವಲ್ಪ ಜಾಸ್ತಿಯಂತೆ... ಇರಲಿ. ಚಳಿಗಾಲದ ಕಲ್ಲಿದ್ದಲಿಗೆಂದು ಇಟ್ಟ ಹಣದಲ್ಲಿ ಒಂದಿಷ್ಟು ತೆಗೆದರೆ ಆದೀತು.

ಜುಮ್ರೇತಾಗೆ ಹೇಳಿದೆ. ಅವನ ಕಾರು, ಅವನನ್ನು ಒಂದು ಮಾತು ಕೇಳದೆ ಹೇಗೆ ಹಾಕಿಸುತ್ತೀರಿ ಎಂದಳು. ಅದೂ ಸರಿಯೇ.

ಅಕ್ಟೋಬರ್ 25

ಫೋನ್ ಮಾಡಿದೆ. ಟೈರಿನ ಹೆಸರು ಕೇಳಿ ಫೆಹೀಮ್ ನಕ್ಕ.

"ಭಾವಾ, ಅದನ್ನ ಇಲ್ಲಿ ಟ್ರ್ಯಾಕ್ಟರಿಗೂ ಹಾಕಲ್ಲ. ಊರಿನವರು ನೋಡಿದ್ರೆ ಏನಂದ್ಕೋತಾರೆ? ನಾನೇ ಕಳಿಸ್ತೀನಿ ಇರಿ, ಒಳ್ಳೇದು. ನೀವು ಒಂದು ದಿನಾರೂ ಬಿಚ್ಚಬೇಡಿ."

ಊರಿನವರು ಹಿಮದಲ್ಲಿ ಟೈರಿನ ಹೆಸರು ಓದುತ್ತಾ ನಿಲ್ಲುತ್ತಾರೆಯೇ ಎಂದು ಕೇಳಬಹುದಿತ್ತು. ಆದರೆ ಕೊಡುತ್ತೇನೆ ಎಂದವನಿಗೆ ಬೇಡ ಎನ್ನುವುದು ನಮ್ಮಲ್ಲಿ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ. ಅದೂ ಹೆಂಡತಿಯ ತಮ್ಮನಿಗೆ. ಮಧ್ಯಾಹ್ನದೊಳಗೆ ಜುಮ್ರೇತಾ ಬೀದಿಗೆಲ್ಲ ಹೇಳಿಯೂ ಆಯಿತು — ತಮ್ಮ ಟೈರು ಕಳಿಸುತ್ತಿದ್ದಾನೆ, ಜರ್ಮನಿಯಿಂದ.

ನವೆಂಬರ್ 14

ಮೈನಸ್ ಹನ್ನೊಂದು. ಮೊಣಕಾಲುದ್ದ ಹಿಮ.

ಜರ್ಮನಿಯ ಬಸ್ಸು ಬಂದಾಗಲೆಲ್ಲ ನಿಲ್ದಾಣಕ್ಕೆ ಹೋಗಿ ನಿಲ್ಲುತ್ತೇನೆ. ಡ್ರೈವರ್ ಬಸ್ಸಿನ ಹೊಟ್ಟೆ ತೆರೆಯುತ್ತಾನೆ. ಯಾರಿಗೋ ವಾಷಿಂಗ್ ಮೆಷಿನ್, ಯಾರದೋ ಅಜ್ಜಿಗೆ ಗಾಲಿಕುರ್ಚಿ, ಚಾಕೊಲೇಟಿನ ಪೆಟ್ಟಿಗೆಗಳು. ಟೈರಿಲ್ಲ.

ಮರಳುವಾಗ ಶಾಚಿರ್ ಎದುರಾದ, ನೀವಾದಲ್ಲಿ ಹುಲ್ಲು ಹೇರಿಕೊಂಡು. ಕಿಟಕಿ ಇಳಿಸಿದ. "ಏನ್ ಹಿಲ್ಮಣ್ಣಾ, ಹಡಗು ಇನ್ನೂ ಬಂದರಿನಲ್ಲೇ ಇದ್ಯಾ?"

ನಕ್ಕೆ. ನಗದೆ ಏನು ಮಾಡಲಿ.

ನವೆಂಬರ್ 29

ಬಂತು. ನಾಲ್ಕೂ. ದೊಡ್ಡ ಹೆಸರಿನದೇ. ಹೊಸದರಂತಿದೆ, ರಬ್ಬರಿನ ಕೂದಲು ಕೂಡ ಉದುರಿಲ್ಲ. ಡ್ರೈವರನ್ನು ಮನೆಗೆ ಕರೆತಂದು ಕಾಫಿ ಕೊಟ್ಟೆವು. ಜುಮ್ರೇತಾ ಮಾಂಸ ತುಂಬಿದ ಬಿಸಿ ಮಂತಿಯೆ ಕಟ್ಟಿಕೊಟ್ಟಳು. ಎಲ್ಮಾ ಟೈರಿನ ಮೇಲೆ ಕೈಯಾಡಿಸಿ, ಮಾವ ನಿಜವಾಗಿ ಕಳಿಸಿದ ಅಲ್ಲವಾ ಎಂದಳು. ಫೆಹೀಮನ ಬಗ್ಗೆ ಮನಸ್ಸಿನಲ್ಲಿ ಅಂದುಕೊಂಡದ್ದಕ್ಕೆಲ್ಲ ನಾಚಿಕೆಯಾಯಿತು.

ನವೆಂಬರ್ 30

ನಾಲ್ಕೂ ಮುಂದಿನ ಅಳತೆ.

ಈ ಕಾರಿಗೆ ಹಿಂದಿನ ಚಕ್ರ ಅಗಲ, ಟೈರೂ ಅಗಲ. ಬೇಚೋ ಒಂದನ್ನು ಹಿಂದಿನ ಚಕ್ರದ ಮೇಲಿಟ್ಟು ತೋರಿಸಿದ. ದೊಡ್ಡವನ ತಲೆಗೆ ಮಗುವಿನ ಟೋಪಿ ಇಟ್ಟ ಹಾಗೆ.

ಮುಂದಕ್ಕಾದರೂ ಹಾಕಿಬಿಡುತ್ತೇನೆ, ತಿರುಗಿಸಲು ಬರುತ್ತದೆ ಎಂದ. ಮುಂದೆ ಹಿಡಿತವಿದ್ದು ಹಿಂದೆ ಇಲ್ಲದಿದ್ದರೆ ತಿರುವಿನಲ್ಲಿ ಬಾಲ ಬೀಸುತ್ತದೆ. ಇದನ್ನು ಎಷ್ಟು ಕಡೆ ಓದಿದ್ದೇನೆ. ಓದಿಯೂ ಹಾಕಿಸಿಕೊಂಡು ಬಂದೆ. ಉಳಿದೆರಡು ಗ್ಯಾರೇಜಿನ ಮೂಲೆಯಲ್ಲಿವೆ.

ಡಿಸೆಂಬರ್ 2

ಫೋನಿನಲ್ಲಿ ಫೆಹೀಮ್: "ಒಂದೇ ಕಾರಿಗೆ ಎರಡು ಅಳತೆ ಅಂತ ಯಾರಿಗೆ ಗೊತ್ತಿತ್ತು ಭಾವಾ? ಇನ್ನೆರಡು ಕಳಿಸ್ತೀನಿ ಬಿಡಿ." ದನಿ ಸಣ್ಣಗಾಗಿತ್ತು. ಜುಮ್ರೇತಾ ಪಕ್ಕದಲ್ಲೇ ನಿಂತಿದ್ದಳು, ತಮ್ಮನ ಮನಸ್ಸು ನೋಯಿಸಬೇಡಿ ಎಂದು ಕಣ್ಣಲ್ಲೇ ಹೇಳುತ್ತ. ಒಳ್ಳೆಯ ಟೈರಪ್ಪಾ, ತುಂಬಾ ಒಳ್ಳೆಯ ಟೈರು, ಎಂದೆ.

ಅವಳಿಗೆ ಹೇಳದೆ ಬೇಚೋನ ಹತ್ತಿರ ಹೋದೆ. ನಾನು ಆರಿಸಿದ್ದರಲ್ಲೇ ಹಿಂದಿನವೆರಡನ್ನು ಬೆಲ್‌ಗ್ರೇಡಿನಿಂದ ತರಿಸಲು ಹೇಳಿದೆ.

ಡಿಸೆಂಬರ್ 27

ಅತ್ತಲಿಂದಲೂ ಇಲ್ಲ, ಇತ್ತಲಿಂದಲೂ ಇಲ್ಲ. ಬೆಲ್‌ಗ್ರೇಡಿನಲ್ಲಿ ಆ ಅಳತೆ ಮುಗಿದಿದೆಯಂತೆ. ಫೆಹೀಮ್ ರಜೆಗೆ ಎಲ್ಲಿಗೋ ಹೋಗಿದ್ದಾನೆ, ಫೋನ್ ಎತ್ತುತ್ತಿಲ್ಲ.

ಎಲ್ಮಾಳನ್ನು ಬಸ್ಸಿನಲ್ಲೇ ಪಜಾರ್‌ಗೆ ಕರೆದೊಯ್ದು ತೋರಿಸಿದೆವು. ಮಗು ಅಡ್ಡ ಮಲಗಿದೆ. ಆಪರೇಷನ್ ಆಗಬೇಕು. ಜನವರಿ ಹನ್ನೆರಡಕ್ಕೆ ಬಂದು ಸೇರಿಕೊಳ್ಳಿ, ನೋವು ಮೊದಲೇ ಬಂದರೆ ಒಂದು ಗಳಿಗೆಯೂ ತಡಮಾಡಬೇಡಿ ಎಂದರು ಡಾಕ್ಟರ್.

ಮನೆಗೆ ಬಂದ ಮೇಲೆ ಕೇಳಿದಳು: "ಅಪ್ಪಾ, ನಮ್ಮ ಕಾರು ಘಟ್ಟ ಹತ್ತುತ್ತಲ್ಲ?"

ಹತ್ತುತ್ತೆ ಎಂದೆ. ಗ್ಯಾರೇಜಿಗೆ ಹೋಗಿ ಡಿಕ್ಕಿಯಲ್ಲಿ ಕಲ್ಲಿದ್ದಲಿನ ಮೂಟೆಗಳನ್ನಿಟ್ಟೆ, ಭಾರಕ್ಕೆ. ಹಿಮದಲ್ಲಿ ಹಿಡಿತಕ್ಕೆಂದು ಚಕ್ರಕ್ಕೆ ಸರಪಳಿ ಸುತ್ತಲು ನೋಡಿದೆ. ಹಿಂದಿನ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರುವುದಿಲ್ಲ.

ಶಾಚಿರನನ್ನು ಈಗಲೇ ಕೇಳಿಡಿ ಎಂದಳು ಜುಮ್ರೇತಾ. ಮಾರಿದ ಗಾಡಿಯನ್ನು ಎರವಲು ಕೇಳುವುದೇ? ನೋಡೋಣ ಎಂದೆ.

ಜನವರಿ 8

ಥರ್ಮಾಮೀಟರ್ ನೋಡಲಿಲ್ಲ. ಕಾರಿನೊಳಗೆ ಕೂತು ಬರೆಯುತ್ತಿದ್ದೇನೆ. ಪುಸ್ತಕ ಕೋಟಿನ ಜೇಬಿನಲ್ಲೇ ಇತ್ತು.

ಬೆಳಿಗ್ಗೆ ಕಾಫಿಯ ಹೊತ್ತಿಗೆ ಎಲ್ಮಾಗೆ ನೋವು ಶುರುವಾಯಿತು. ಆರೋಗ್ಯ ಕೇಂದ್ರದ ಆಂಬುಲೆನ್ಸ್ ಬೇರೊಬ್ಬ ರೋಗಿಯೊಂದಿಗೆ ಆಗಲೇ ಹೊರಟುಬಿಟ್ಟಿತ್ತು. ನರ್ಸ್ ನಡೆದೇ ಬಂದಳು. ಎಲ್ಮಾಳನ್ನು ಸೆಡಾನಿನ ಹಿಂದೆ ಮಲಗಿಸಿದೆವು, ಸೀಟು ಬೆಚ್ಚಗೆ ಮಾಡಿ. ಗೇಟಿನ ಹತ್ತಿರ ಚಕ್ರ ನಿಂತಲ್ಲೇ ತಿರುಗತೊಡಗಿತು. ಚಕ್ರದಡಿ ಬೂದಿ ಹಾಕಿದೆ. ಕಂಬಳಿ ಹಾಸಿದೆ. ತಿರುಗುತ್ತಲೇ ಇತ್ತು. ಒಳಗಿನಿಂದ ಅವಳ ದನಿ.

ಶಾಚಿರನ ಮನೆಗೆ ಓಡಿದೆ. ಏನು ಹೇಳಿದೆನೋ ನೆನಪಿಲ್ಲ. ಅವನು ಹಡಗಿನ ಮಾತೆತ್ತಲಿಲ್ಲ. ನೀವಾದೊಳಗಿನ ಹುಲ್ಲನ್ನು ತೋಳಲ್ಲಿ ಬಾಚಿ ಬೀದಿಗೆಸೆದ. ಎಲ್ಮಾ, ಜುಮ್ರೇತಾ ಹಿಂದೆ, ನರ್ಸ್ ಮುಂದೆ. ನನಗೆ ಜಾಗವಿರಲಿಲ್ಲ. ನಾನು ಬಾಗಿಲು ಹಿಡಿದೇ ನಿಂತಿದ್ದೆ. ಶಾಚಿರ್ ನನ್ನ ಕೈ ಬಿಡಿಸಿದ.

"ಟೈರು ನಿಂದೇ ಅಲ್ವೇನಣ್ಣಾ? ನೀನೇ ಆರ್ಸಿದ್ದು. ಬಿಡು, ಹೋಗುತ್ತೆ."

ಹೋದರು. ಮನೆಯಲ್ಲಿ ಕೂರಲಾಗಲಿಲ್ಲ. ಊರಿನ ಅಂಚಿನವರೆಗೆ ಮಾತ್ರ ಹಿಮ ತೆಗೆಯುವ ಲಾರಿ ದಾಟಿದ ಮೇಲೆ ಸಲಿಕೆಯಲ್ಲಿ ದಾರಿ ಬಿಡಿಸಿ ಹೇಗೋ ಹೊರಟೆ. ಘಟ್ಟದ ಬುಡದಲ್ಲೇ, ಮೊದಲ ತಿರುವಿಗೆ ಮುಂಚೆ, ಬಾಲ ಬೀಸಿತು. ಓದಿದ್ದ ಹಾಗೆಯೇ. ಈಗ ಮೂಗು ಚರಂಡಿಯಲ್ಲಿ, ಡಿಕ್ಕಿ ರಸ್ತೆಯಲ್ಲಿ. ನನಗೇನೂ ಆಗಿಲ್ಲ. ಸೀಟು ಬೆಚ್ಚಗಿದೆ. ಫೋನಿಗೆ ಸಿಗ್ನಲ್ ಇಲ್ಲ.

ಇಳಿದು ನೋಡಿ ಬಂದೆ. ರಸ್ತೆಯ ಮೇಲೆ ನೀವಾದ ಚಕ್ರದ ಗುರುತು. ಆಳವಾದ ಗೀರು, ಅಂಚಿನಲ್ಲಿ ಗರಗಸದ ಹಲ್ಲು. ಎಲ್ಲಿದ್ದರೂ ಗುರುತಿಸಬಲ್ಲೆ. ಎಲ್ಲೂ ಜಾರಿಲ್ಲ. ತಿರುವಿನಲ್ಲಿ ನೆಟ್ಟಗೆ ಮೇಲಕ್ಕೆ ಹೋಗಿದೆ.

ಹಿಮ ಮತ್ತೆ ಜೋರಾಯಿತು. ಗುರುತು ತುಂಬಿಕೊಳ್ಳುತ್ತಿದೆ. ಕಿಟಕಿ ಒರೆಸಿದರೆ ಮೊದಲ ತಿರುವಿನವರೆಗೆ ಕಾಣುತ್ತದೆ. ಅದರಾಚೆ ಏನೂ ಕಾಣದು; ಈ ಹೊತ್ತಿಗೆ ಅವರು ಘಟ್ಟ ದಾಟಿರಬೇಕು.