ಶಾಲೆಯ ತಲೆ, ಶಾಲೆಯ ಮಂಗ

ನ್ಜೆಲೆಲೆ
ಮಂಗಳವಾರ, 26 ಆಗಸ್ಟ್ 2014

ಆ! ಹೇಗಿದ್ದೀಯಾ, ನನ್ನ ರೋಫುನ್ವಾ,

ಭಾನುವಾರ ಫೋನಿನಲ್ಲಿ ನೀನು, "ಅಮ್ಮಾ, ಒಂದು ಪುಟ್ಟ ಗುರುತಿಗೋಸ್ಕರ ಇಷ್ಟೆಲ್ಲ ರಾದ್ಧಾಂತ ಮಾಡ್ಕೋಬೇಕಿತ್ತಾ?" ಅಂದೆ. ನಾನು ಉತ್ತರ ಕೊಡುವಷ್ಟರಲ್ಲಿ ನೀನು ಅಳೋಕೆ ಶುರುಮಾಡಿದೆ. ಅದಕ್ಕೇ ಈ ಪತ್ರ. ಮೆಸೇಜು ಕಳಿಸಬಹುದಿತ್ತು, ಆದರೆ ನನ್ನ ಫೋನಿಗೆ ನಮ್ಮ ವೆಂಡಾ ಭಾಷೆಯ ಅಕ್ಷರಗಳ ಕೆಳಗಿನ ಗುರುತು ಹಾಕಲು ಬರುವುದಿಲ್ಲ, ಆ ಗುರುತಿಲ್ಲದೆ ಈ ಕಥೆ ಹೇಳಲು ನನಗೆ ಬರುವುದಿಲ್ಲ.

ಊರವರು ನಿನಗೆ ಅರ್ಧ ಹೇಳಿದ್ದಾರೆ. ಪೂರ್ತಿ ಕೇಳು.

ಹೊಸ ಕಟ್ಟಡದ ಉದ್ಘಾಟನೆಗೆ ಮೂರು ದಿನ ಮುಂಚೆ ಕರಿಕಲ್ಲಿನ ಫಲಕ ಬಂತು. ಶಾಲೆಯ ಹೆಸರು, ತಾರೀಕು, ಕೆಳಗೆ "ಶಾಲೆಯ ತಲೆ: ನ್ಯಾದ್ಜೇನಿ ಸಿಖ್ವಾರಿ". ಈ ಶಾಲೆಗೆ ಮೊದಲ ಹೆಣ್ಣು ತಲೆ, ಮೊದಲ ಮುಖ್ಯೋಪಾಧ್ಯಾಯಿನಿ, ನಾನು. ಕಣ್ಣು ತುಂಬಿಕೊಂಡು ನೋಡುತ್ತಿದ್ದೆ. ಅಷ್ಟರಲ್ಲಿ ಮೂರನೇ ತರಗತಿಯ ವೋನಾನಿ ಪಕ್ಕಕ್ಕೆ ಬಂದು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು: "ಶಾಲೆಯ ಮಂಗ."

ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಒಬ್ಬ ಕಂಕುಳು ಕೆರೆದುಕೊಂಡು ಕುಣಿದ. ಉಪಮುಖ್ಯೋಪಾಧ್ಯಾಯ ರಾಸಿವಾಗಾ ಆ ಹುಡುಗಿಯ ಮೇಲೆ ಕೈ ಎತ್ತಿಬಿಟ್ಟರು. ನಾನು ಆ ಕೈ ಹಿಡಿದೆ.

ತಪ್ಪು ಅವಳದಲ್ಲ ಮಗಳೇ. ನಾಲಗೆ ಹಲ್ಲಿಗೆ ತಾಗಿದರೆ ಥೊಹೊ, ತಲೆ. ಒಸಡಿಗೆ ತಾಗಿದರೆ ಠೊಹೊ, ಮಂಗ. ಬರೆಯುವಾಗ ಎರಡನ್ನೂ ಬೇರೆ ಮಾಡುವುದು ಮೊದಲ ಅಕ್ಷರದ ಕೆಳಗಿನ ಆ ಸಣ್ಣ ಗುರುತೊಂದೇ. ಗುರುತಿದ್ದರೆ ತಲೆ, ಇಲ್ಲದಿದ್ದರೆ ಮಂಗ. ಕಲ್ಲು ಕೆತ್ತಿದವರು ಅದನ್ನು ಬಿಟ್ಟಿದ್ದರು. ಬರೆದದ್ದನ್ನೇ ಓದಬೇಕು ಅಂತ ನಾನೇ ಆ ಮಕ್ಕಳಿಗೆ ಹೇಳಿಕೊಟ್ಟಿದ್ದೆ. ವೋನಾನಿ ಹಾಗೇ ಓದಿದ್ದಳು.

ಶಿಕ್ಷಣ ಇಲಾಖೆಯ ವಲಯಾಧಿಕಾರಿ ಮುನ್ಯಾಯಿಗೆ ಫೋನ್ ಮಾಡಿದೆ. "ಮೇಡಂ, ಕಂಪ್ಯೂಟರಿನಲ್ಲಿ ಆ ಅಕ್ಷರ ಇರಲ್ಲ. ಓದೋರಿಗೆ ಅರ್ಥ ಆಗುತ್ತೆ ಬಿಡಿ, ನಿಮ್ಮನ್ನ ಯಾರಾದ್ರೂ ಮಂಗ ಅಂತಾರಾ?" ಅಂದು ನಕ್ಕರು.

"ಈಗಾಗಲೇ ಅಂದಿದ್ದಾರೆ, ಸರಿಯಾಗೇ ಅಂದಿದ್ದಾರೆ," ಅಂದು ವೋನಾನಿ ಓದಿದ್ದನ್ನು ಹೇಳಿದೆ.

"ಹಾಗಾದ್ರೆ ಆ ಹುಡುಗಿ ಕೈಲಿ ಅತಿಥಿಗಳ ಮುಂದೆ ಕ್ಷಮೆ ಕೇಳಿಸಿ. ಶಿಸ್ತು ಅಂತ ಒಂದಿರಬೇಕಲ್ಲ?"

ನನಗೆ ಮೈ ಉರಿದದ್ದು ಆಗ. ಕಲ್ಲಿನ ತಪ್ಪನ್ನು ನಾನು ನುಂಗಿಕೊಳ್ಳುತ್ತಿದ್ದೆನೋ ಏನೋ. ಸರಿಯಾಗಿ ಓದಿದ ಎಂಟು ವರ್ಷದ ಹುಡುಗಿ ತಲೆ ತಗ್ಗಿಸಿ ನಿಲ್ಲಬೇಕೆ?

ನಿನ್ನ ಅಜ್ಜನ, ನನ್ನ ಅಪ್ಪನ ವಿಷಯ ನಿನಗೆ ಸರಿಯಾಗಿ ಹೇಳಿಲ್ಲ. ಜೊಹಾನ್ಸ್‌ಬರ್ಗಿನ ಗಣಿಯಲ್ಲಿ ಇಪ್ಪತ್ತು ವರ್ಷ ದುಡಿದ ಮೇಲೆ, ಅಲ್ಲಿಯ ಕೂಲಿಗಳ ಬಿಡಾರದಲ್ಲಿ ಅಕ್ಷರ ಕಲಿತರು. ಮನೆಗೆ ಬಂದ ಅವರ ಮೊದಲ ಪತ್ರ ಓದಿದವಳು ನಾನು. ಗುರುತು ಬೇಡದ ಅಕ್ಷರಕ್ಕೂ ಗುರುತು ಹಾಕಿದ್ದರು. ಪೆನ್ಸಿಲ್ ಒತ್ತಿ ಒತ್ತಿ ಹಾಳೆ ನಾಲ್ಕು ಕಡೆ ತೂತಾಗಿತ್ತು. ರಜೆಗೆ ಬಂದಾಗ ನಾನು ನಕ್ಕೆ. ಅವರು ನಗಲಿಲ್ಲ. "ಗಣಿಯಲ್ಲಿ ನನ್ನ ಹೆಸರನ್ನ ಯಾರೂ ಸರಿಯಾಗಿ ಕರೆಯಲ್ಲ ಕಣೇ. ಬರೆಯೋದಾದ್ರೂ ಸರಿಯಾಗಿ ಬರೀತೀನಿ," ಅಂದರು. ನಾನು ಟೀಚರಾಗಿದ್ದು ಆ ಮಾತಿಗೆ.

ಉದ್ಘಾಟನೆಯ ದಿನ, ಈ ತಿಂಗಳ ಎಂಟರ ಶುಕ್ರವಾರ ಬೆಳಿಗ್ಗೆ, ಗಂಟೆ ಹೊಡೆಯುವ ಮುಂಚೆ ಸುತ್ತಿಗೆ, ದಪ್ಪ ಮೊಳೆ ತೆಗೆದುಕೊಂಡು ಹೋದೆ. ಫಲಕಕ್ಕೆ ಇಳಿಬಿಟ್ಟಿದ್ದ ಪರದೆಯೊಳಗೆ ತಲೆ ತೂರಿಸಿ ಆ ಅಕ್ಷರದ ಕೆಳಗೆ ಗುರುತು ಕೆತ್ತಿದೆ. ಒಂದು ಏಟು ಜಾರಿ ಗೀರು ಬಿತ್ತು, ಹೆಬ್ಬೆರಳಿನ ಉಗುರೂ ಹೋಯಿತು. ರಾಸಿವಾಗಾ ನೋಡಿದರು. "ಮೇಡಂ, ನಾನು ಇಲ್ಲಿಗೆ ಬಂದೇ ಇಲ್ಲ," ಅಂತ ಹೊರಟೇಹೋದರು.

ಅತಿಥಿಗಳು ಪರದೆ ಎಳೆದರು. ಕನ್ನಡಿಯ ಹಾಗೆ ಹೊಳೆಯುವ ಕಲ್ಲಿನಲ್ಲಿ ನನ್ನ ಸೊಟ್ಟ ಗುರುತು ಬಿಳಿಯಾಗಿ ಎದ್ದು ಕಾಣುತ್ತಿತ್ತು. ಮುನ್ಯಾಯಿ ಮುಖ ಕೆಂಪಗಾಯಿತು. "ಯಾರು ಇದನ್ನ ಹಾಳು ಮಾಡಿದ್ದು?"

"ನಾನು. ಹಾಳು ಮಾಡಿದ್ದಲ್ಲ, ತಿದ್ದಿದ್ದು," ಅಂದೆ. ಆಮೇಲೆ ವೋನಾನಿಯನ್ನು ಕರೆದು, "ಈಗ ಓದಮ್ಮಾ," ಅಂದೆ. ಅವಳು ಅಜ್ಜಿಯ ಸೆರಗು ಬಿಟ್ಟು ಬರಲೇ ಇಲ್ಲ. ಅಜ್ಜಿಯೇ ಮುಂದೆ ಬಂದಳು. ಎಪ್ಪತ್ತು ದಾಟಿದವಳು, ಶಾಲೆ ಮೆಟ್ಟಿಲು ಹತ್ತಿದವಳಲ್ಲ. ಮೊಮ್ಮಗಳು ಹೇಳಿಕೊಟ್ಟಷ್ಟೇ ಅಕ್ಷರ. ಕಲ್ಲಿನ ಮೇಲೆ ಬೆರಳಿಟ್ಟು, "ಶಾಲೆಯ... ತಲೆ," ಅಂದಳು. ಹಿಂದಿದ್ದ ಹೆಂಗಸರು ಸಂತೋಷಕ್ಕೆ ನಾಲಗೆ ಹೊರಳಿಸಿ ಉಲಿ ಹಾಕಿದ್ದು ಕೆಳಗಿನ ರಸ್ತೆಗೂ ಕೇಳಿಸಿತಂತೆ.

ಸರ್ಕಾರಿ ಆಸ್ತಿಗೆ ಧಕ್ಕೆ ಅಂತ ಕಳೆದ ಗುರುವಾರ ವಿಚಾರಣೆ ನಡೆಯಿತು. ಇಲಾಖೆಯ ಮೂವರು ಕೂತಿದ್ದರು. ತಪ್ಪೊಪ್ಪಿಗೆ ಬರೆದುಕೊಟ್ಟರೆ ಇಲ್ಲಿಗೇ ಮುಗಿಸುತ್ತೇವೆ ಅಂದರು. ಒಂದು ಪುಟ ಬರೆದುಕೊಟ್ಟೆ, ನಮ್ಮ ಭಾಷೆಯಲ್ಲೇ, ಎಲ್ಲ ಗುರುತುಗಳ ಸಮೇತ. ಏನಾಯಿತು ಅನ್ನುವುದೆಲ್ಲ ಅದರಲ್ಲಿತ್ತು, ಕ್ಷಮೆ ಮಾತ್ರ ಇರಲಿಲ್ಲ. ಮೂವರಲ್ಲಿ ಒಬ್ಬರು ಓದುತ್ತಾ ತುಟಿ ಅಲ್ಲಾಡಿಸುತ್ತಿದ್ದರು. ಎರಡು ಕಡೆ ನಿಂತು ಹಿಂದೆ ಹೋಗಿ ಮತ್ತೆ ಓದಿದರು. ಆ ಭಾಷೆಯಲ್ಲಿ ಇಡೀ ಪುಟ ಓದಿ ಅವರಿಗೆ ಎಷ್ಟು ವರ್ಷವಾಗಿತ್ತೋ.

ನೀನು ಹೆದರಬೇಡ. ಚೆನ್ನಾಗಿದ್ದೇನೆ. ಮುದ್ದೆ, ಸೊಪ್ಪು ಹೊಟ್ಟೆತುಂಬ ಉಣ್ಣುತ್ತೇನೆ, ದಿನಾ ಶಾಲೆಗೆ ಹೋಗುತ್ತೇನೆ. ಬ್ಯಾಂಕಿಗೆ ರಜೆ ಹಾಕಿ ಓಡಿ ಬರಬೇಡ. "ಅವರ ಕಾಲಿಗೆ ಬೀಳಮ್ಮಾ," ಅಂದೆಯಲ್ಲ, ಆ ಮಾತು ಇನ್ನೊಮ್ಮೆ ಆಡಬೇಡ. ಸಿಟ್ಟಿನಿಂದ ಹೇಳುತ್ತಿಲ್ಲ, ಅದು ನಿನ್ನ ಬಾಯಿಂದ ಬಂತಲ್ಲ ಅಂತ ನೋವಾಯಿತು.

ಒಂಚೂರೂ ಬಗ್ಗದ,
ನಿನ್ನ ಅಮ್ಮ
ನ್ಯಾದ್ಜೇನಿ

ತಾ.ಕ.: ಮೇಲೆ ಬರೆಯಲು ಮನಸ್ಸು ಬರಲಿಲ್ಲ. ನಿನ್ನೆ ಆದೇಶ ಬಂತು: ನಾನು ಈಗ ಶಾಲೆಯ ತಲೆಯಲ್ಲ. ಆ ಕುರ್ಚಿಗೆ ರಾಸಿವಾಗಾ ಬಂದರು, ನನ್ನನ್ನು ಮೂರನೇ ತರಗತಿಗೆ ಹಾಕಿದ್ದಾರೆ. ಮನೆಗೆ ಬಂದು ಒಂದು ಗಂಟೆ ಅತ್ತೆ, ಸುಳ್ಳು ಹೇಳುವುದಿಲ್ಲ. ಈ ಬೆಳಿಗ್ಗೆ ತರಗತಿಗೆ ಹೋಗಿ ಬೋರ್ಡಿನ ಮೇಲೆ ಹತ್ತು ಪದ ಬರೆದೆ. ಬೇಕೆಂದೇ ಒಂದರ ಗುರುತು ಬಿಟ್ಟಿದ್ದೆ. ಮೂವತ್ತೆಂಟು ಕೈ ಒಟ್ಟಿಗೆ ಮೇಲೆದ್ದವು.