ಎರಡು ಟ್ಯಾಂಕಿನ ಗಾಡಿ

ಥೆಡ್‌ಫರ್ಡ್, ನೆಬ್ರಾಸ್ಕ
ಅಕ್ಟೋಬರ್ ೧೨, ೧೯೯೯

ಡೆಲ್ಮರ್‌ಗೆ,

‘ಪ್ರೀತಿಯ’ ಎಂದು ಬರೆಯಲು ಹೋದೆ, ಕೈ ನಿಂತಿತು. ಮೂರು ವರ್ಷದಿಂದ ಬಳಸದ ಮಾತು. ಬೇಕೆನಿಸಿದರೆ ನೀನೇ ಸೇರಿಸಿಕೊಂಡು ಓದಿಕೋ.

ಹೋದ ತಿಂಗಳು ಡಾರ್ಲಾ ಫೋನ್ ಮಾಡಿದ್ದಳು. “ಅಮ್ಮಾ, ಅಕ್ಟೋಬರ್ ಹದಿನಾರು, ಶನಿವಾರ, ಅಪ್ಪ ಬಂದು ಪಿಕಪ್ ತಗೊಂಡು ಹೋಗ್ತಾರಂತೆ. ನಾನು ಅತ್ತೆ ಮನೆಗೆ ಹೋಗ್ತಾ ಅವರನ್ನ ಗೇಟಲ್ಲಿ ಇಳಿಸಿ ಹಾಗೇ ಹೋಗ್ತೀನಿ” ಎಂದಳು. ನಿನ್ನ ಮಗಳೇ ಸರಿ, ಒಳಗೆ ಬಂದು ಒಂದು ಲೋಟ ಕಾಫಿ ಕುಡಿಯಲೂ ಪುರುಸೊತ್ತಿಲ್ಲ. ನಾನೂ ಬಿಡಲಿಲ್ಲ. “ತಗೊಂಡು ಹೋಗ್ಲಿ ಬಿಡೇ. ಅದ್ರಲ್ಲಿ ಇಲಿಗಳು ಸಂಸಾರ ಹೂಡಿವೆ, ಅವಕ್ಕೂ ನಿಮ್ಮಪ್ಪನ ರ್‍ಯಾಪಿಡ್ ಸಿಟಿ ನೋಡಿದ ಹಾಗಾಗತ್ತೆ” ಎಂದು ನಕ್ಕೆ. ಫೋನ್ ಇಟ್ಟ ಮೇಲೆ ಕಿಟಕಿಯಿಂದ ಗಾಡಿಯನ್ನು ನೋಡಿದೆ. ಈ ಅಂಗಳದಲ್ಲಿ ನಿನ್ನದೆಂದು ಉಳಿದಿರುವುದು ಅದೊಂದೇ. ಅದೂ ಹೋದರೆ ಈ ಗೇಟಿನ ಕಡೆ ನೀನು ಯಾಕೆ ತಲೆ ಹಾಕುತ್ತೀಯ?

ಆದರೂ ಪೆಟ್ರೋಲ್ ಎಷ್ಟಿದೆಯೆಂದು ತೋರಿಸುವ ಮುಳ್ಳು ಸತ್ತ ಗಾಡಿಯನ್ನು ನಿನ್ನ ಕೈಗೆ ಕೊಡಬಾರದು ಅನ್ನಿಸಿತು. ದೂರದ ದಾರಿ, ಮಧ್ಯೆ ಹುಲ್ಲುಗುಡ್ಡ ಬಿಟ್ಟರೆ ನಾಯಿ ನರಿಯೂ ಇಲ್ಲ. ಎಲ್ಲಾದರೂ ನಿಂತುಬಿಟ್ಟರೆ ನೀನು ಬೈಯುವುದು ನನ್ನನ್ನೇ. ಅದಕ್ಕೇ ಗಾಡಿಯ ಎರಡು ಪೆಟ್ರೋಲ್ ಟ್ಯಾಂಕಿಗೂ ಹೊಸ ಫ್ಲೋಟ್ ಹಾಕಿಸಲು ಹೊರಟೆ.

ಆಗ ನನಗೆ ಗೊತ್ತಿದ್ದದ್ದು ಅಷ್ಟರಲ್ಲೇ ಇತ್ತು. ಟ್ಯಾಂಕಿನೊಳಗೆ ತೇಲುವ ಪುಟ್ಟ ಬುರುಡೆ, ಅದಕ್ಕೊಂದು ತಂತಿಯ ಕೈ, ಅದು ಏರಿಳಿದಂತೆ ಸ್ಟಿಯರಿಂಗ್ ಎದುರಿನ ಮುಳ್ಳು ಏರಿಳಿಯುತ್ತದೆ. ಅಂಗಡಿಗೆ ಹೋದರೆ ಪೊಟ್ಟಣ ಕಟ್ಟಿ ಕೊಡುತ್ತಾರೆ ಎಂದುಕೊಂಡಿದ್ದೆ. ಬ್ರೋಕನ್ ಬೋ ಊರಿನ ಬಿಡಿಭಾಗದ ಅಂಗಡಿಯವನು ಮುಂದಿನ ಟ್ಯಾಂಕಿನದು ತಯಾರಾಗುವುದೇ ನಿಂತಿದೆ ಎಂದ. ಹಿಂದಿನದನ್ನು ಮಾತ್ರ ತರಿಸಿಕೊಟ್ಟ. ಪಕ್ಕದ ಜಮೀನಿನ ವೆಂಡೆಲ್ ಬಂದು, ಟ್ಯಾಂಕ್ ಇಳಿಸುವ ರಗಳೆ ಯಾರಿಗೆ ಬೇಕು ಎಂದು ಗಾಡಿಯ ಹಿಂದಿನ ತೊಟ್ಟಿಯ ಬೋಲ್ಟ್ ಬಿಚ್ಚಿ, ಟ್ರ್ಯಾಕ್ಟರಿನಿಂದ ಅದನ್ನೇ ಮೇಲೆತ್ತಿ ಫ್ಲೋಟ್ ಹಾಕಿದ. ನಾನು ಸಂಭ್ರಮದಿಂದ ಬಂಕಿಗೆ ಹೋಗಿ ಟ್ಯಾಂಕ್ ತುಂಬಿಸಿದೆ. ಮುಳ್ಳು ಸರಸರ ಕೆಳಗಿಳಿದು ಖಾಲಿ ಅಂತ ಮಲಗಿತು! ಓಡಿಸುತ್ತ ಬಂದರೆ ಮೆಲ್ಲಗೆ ಮೇಲೇರತೊಡಗಿತು.

ವೆಂಡೆಲ್ ಹೊಟ್ಟೆ ಹಿಡಿದುಕೊಂಡು ನಕ್ಕ. “ಲವೊನ್, ಇದು ಗಾಡಿ ಅಲ್ಲ ಕಣೇ, ಕರೆಯೋ ಹಸು! ಓಡಿಸಿದಷ್ಟೂ ತುಂಬ್ತಾ ಇದೆ. ಡೆಲ್ಮರ್‌ಗೆ ಯಾಕೆ ಕೊಡ್ತೀಯ, ಬಕೆಟ್ ಹಿಡ್ಕೊಂಡು ಕೂತ್ಕೋ.” ಆಮೇಲೆ ವಿಷಯ ಹೇಳಿದ. ಅಂಗಡಿಯವನು ಕೊಟ್ಟಿದ್ದು ಆಮೇಲಿನ ವರ್ಷದ ಗಾಡಿಯದು. ಅದರ ಲೆಕ್ಕ ನಮ್ಮದಕ್ಕೆ ತಿರುಗುಮುರುಗು. ನಮ್ಮ ಎಂಬತ್ತೈದರ ಗಾಡಿಗೆ ಅದೇ ಕಾಲದ್ದು ಬೇಕು. ಅದು ಸಿಕ್ಕಿದರೆ ಗುಜರಿಯಲ್ಲೇ ಸಿಗಬೇಕು.

ಶನಿವಾರ ಅಲಯನ್ಸ್ ಊರಿನಾಚೆ ಆರ್ವಿಲ್ ಡೀಟ್ಸ್‌ನ ಗುಜರಿಗೆ ಹೋದೆ. ಹೆಸರು ಹೇಳಲಿಲ್ಲ. “ಎಂಬತ್ತೈದರ ಪಿಕಪ್, ಎರಡು ಟ್ಯಾಂಕು, ಫ್ಲೋಟ್ ಬೇಕು” ಎಂದೆ, ಅಷ್ಟೇ. ಮುದುಕ ಟೋಪಿ ಹಿಂದೆ ಸರಿಸಿದ.

“ಅಯ್ಯೋ, ಡೆಲ್ಮರ್ ಗಾಡೀದಾ? ಅವನೆಲ್ಲಿ ಈಗ? ಬದುಕಿದಾನಾ? ಶನಿವಾರ ಬಂದ್ರೆ ಸಾಕು, ಊಟದ ಡಬ್ಬಿ ಕಟ್ಕೊಂಡು ಬಂದು ನನ್ನ ಗುಜರೀಲಿ ಕಳ್ಳನ ಥರಾ ಸುತ್ತೋನು. ಒಂದು ಗಾಡಿ ಕೆಳಗಿಂದ ಎದ್ದು ಇನ್ನೊಂದರ ಕೆಳಗೆ. ಪಾಪ, ಸಿಕ್ಕಿದ್ದೆಲ್ಲಾ ತುಕ್ಕು.”

ನಿನಗೆ ಗೊತ್ತಿಲ್ಲದ್ದೊಂದು ಹೇಳುತ್ತೇನೆ, ಡೆಲ್ಮರ್. ಪ್ರತಿ ಶನಿವಾರ ಸಂಜೆ ನೀನು ಕೈತೊಳೆಯಲು ಒಳಗೆ ಹೋದಾಗ ನಾನು ಗಾಡಿ ಹತ್ತಿ ಮೈಲಿಯ ಅಂಕಿ ನೋಡುತ್ತಿದ್ದೆ. ಪೆಟ್ರೋಲ್ ಮುಳ್ಳು ಸತ್ತಿದ್ದರಿಂದ, ಎಷ್ಟು ಉಳಿದಿದೆಯೆಂದು ಲೆಕ್ಕ ಹಾಕಲು ನೀನೇ ತುಂಬಿಸಿದಾಗಲೆಲ್ಲ ಆ ಅಂಕಿಯನ್ನು ಸೊನ್ನೆಗೆ ತಿರುಗಿಸುತ್ತಿದ್ದೆಯಲ್ಲ, ನನಗೆ ಪತ್ತೇದಾರಿಕೆ ಇನ್ನೂ ಸಲೀಸಾಯಿತು. ದನದ ಮೇವು ತರುತ್ತೇನೆಂದು ಹೊರಟ ಗಂಡಸು ಅಷ್ಟು ದೂರ ಯಾಕೆ ಹೋಗುತ್ತಾನೆ? ಕೇಳಿದರೆ “ಫ್ಲೋಟ್ ಹುಡುಕ್ತಿದ್ದೆ” ಎಂದು ಒಂದೇ ಮಾತು. ಆಮೇಲೆ ಈಸ್ಟರ್ ಹಬ್ಬದ ಊಟಕ್ಕೆ ಕೂತಾಗ ಡಾರ್ಲಾ, ಅವಳ ಗಂಡ, ಬೀಗರು, ಎಲ್ಲರ ಎದುರಿಗೂ ಕೇಳಿದೆನಲ್ಲ: “ಆ ಫ್ಲೋಟಿನ ಹೆಸರೇನು ಡೆಲ್ಮರ್? ಕೂದಲು ಕೆಂಪೋ ಕಪ್ಪೋ?” ಬೀಗರು ತಟ್ಟೆ ನೋಡುತ್ತ ಕೂತರು. ನೀನು ಫೋರ್ಕ್ ಕೆಳಗಿಟ್ಟೆ. ಆ ಸದ್ದು ನನಗೆ ಇವತ್ತಿಗೂ ಕೇಳುತ್ತದೆ. ತಿಂಗಳೊಪ್ಪತ್ತಿನಲ್ಲಿ ನೀನು ಹೊರಟೆ. ಅವತ್ತೂ ಬಾಯಿ ಮುಚ್ಚಲಿಲ್ಲ ನಾನು, “ಆ ಗಾಡಿ ಇಲ್ಲೇ ಇರ್ಲಿ, ಅದಕ್ಕೆ ಅವಳ ಮನೆ ದಾರಿ ಚೆನ್ನಾಗಿ ಗೊತ್ತು” ಎಂದೆ.

ಆರ್ವಿಲ್ ಹಿಂದಿನ ಟ್ಯಾಂಕಿನ ಫ್ಲೋಟ್ ಒಂದನ್ನು ಹುಡುಕಿ ಕೊಟ್ಟ. ನಿಜ ಹೇಳುತ್ತೇನೆ, ಅಷ್ಟಾದರೂ ನನ್ನ ಹಾಳು ಅನುಮಾನ ಸಾಯಲಿಲ್ಲ. ಮುಂದಿನ ಟ್ಯಾಂಕಿನದಕ್ಕೆ ಓಗಲಾಲಾ ಊರಿನ ನಾರ್ಮಾಳನ್ನು ಕೇಳಿ ಎಂದು ಅವನು ಹೇಳಿದಾಗ ಕಿವಿ ನೆಟ್ಟಗಾಯಿತು. ಹೆಂಗಸು! ಸಿಕ್ಕಿದಳು ಎಂದುಕೊಂಡೆ. ಮರುವಾರ ಚರ್ಚಿಗೆ ಹೋಗುವ ಕೋಟು ಹಾಕಿಕೊಂಡು, ತುಟಿಗೆ ಬಣ್ಣ ಬಳಿದುಕೊಂಡು ಜಗಳಕ್ಕೆಂದೇ ಹೋದೆ.

ಅಲ್ಲಿ ಗುಜರಿ ನಡೆಸುವವಳು ಎಂಬತ್ತರ ಹತ್ತಿರದ ಮುದುಕಿ. ಮೂಗಿಗೆ ಆಮ್ಲಜನಕದ ಕೊಳವೆ, ತೊಡೆಯ ಮೇಲೆ ಹೆಣಿಗೆ, ಸುತ್ತ ಕಾರಿನ ಬಾಗಿಲುಗಳು. ನಾನು ಡೆಲ್ಮರ್‌ನ ಹೆಂಡತಿ ಎಂದ ಕೂಡಲೇ ಕೈ ಹಿಡಿದುಕೊಂಡಳು.

“ನೀನಾ ಆ ಸ್ಕೂಲಲ್ಲಿ ಅಡುಗೆ ಮಾಡೋಳು? ಬಾಮ್ಮ, ಕೂತ್ಕೋ. ನಿನ್ನದೇ ಮಾತು ಅವನಿಗೆ. ‘ನಾರ್ಮಾ, ನನ್ನ ಹೆಂಡ್ತಿ ಆ ಗಾಡೀಲೇ ಕೆಲಸಕ್ಕೆ ಹೋಗೋದು. ಒಂದ್ಸಲ ಹಿಮದಲ್ಲಿ ಪೆಟ್ರೋಲ್ ಮುಗಿದು ನಿಂತಿದ್ಲು. ಇನ್ನೊಂದ್ಸಲ ನಿಂತ್ರೆ ಸತ್ತೇ ಹೋಗ್ತಾಳೆ, ಎರಡಕ್ಕೂ ಹಾಕಿಸ್ಬೇಕು’ ಅನ್ನೋನು. ಕೊನೇಗೆ ಒಂದು ಒಳ್ಳೇದು ಸಿಕ್ತು ನೋಡು, ಎತ್ತಿಟ್ಟೆ. ಆಮೇಲೆ ಅವನು ಬರಲೇ ಇಲ್ಲ. ಯಾಕಮ್ಮ?”

ಬಟ್ಟೆಯಲ್ಲಿ ಸುತ್ತಿದ ಆ ಫ್ಲೋಟನ್ನು ಕೈಗಿಟ್ಟಳು. ಅವಳ ಮುಂದೆಯೇ ಗೋಳೋ ಎಂದು ಅತ್ತುಬಿಟ್ಟೆ. ಅವಳು ಯಾರೋ ಸತ್ತರೆಂದು ತಿಳಿದು ಪ್ರಾರ್ಥನೆ ಶುರುಮಾಡಿದಳು, ಪುಣ್ಯಾತ್ಗಿತ್ತಿ.

ಹಿಮದಲ್ಲಿ ಗಾಡಿ ನಿಂತು ನಾನು ನಡೆದು ಬಂದ ದಿನ ನಿನಗೆ ನಾನು ಏನೆಂದಿದ್ದೆ, ನೆನಪಿದೆಯಾ? “ಒಂದು ಮುಳ್ಳು ಸರಿಮಾಡಿಸೋಕೆ ಆಗದೋನು ನೀನೊಬ್ಬ ಗಂಡನಾ?” ನಾನೇ ಅಟ್ಟಿದೆ, ನೀನು ಹುಡುಕಲು ಹೋದೆ. ಹೋದದ್ದಕ್ಕೆ ನಾನೇ ಮನೆಯಿಂದ ಹೊರಗಟ್ಟಿದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಡೆಲ್ಮರ್, ನಾನು ತಪ್ಪು ಮಾಡಿದೆ. ಬೀಗರ ಎದುರಿಗೆ ನಿನ್ನ ಮಾನ ತೆಗೆದೆ. ಡಾರ್ಲಾಗೆ ಎಲ್ಲವನ್ನೂ ಫೋನಿನಲ್ಲಿ ಹೇಳಿದ್ದೇನೆ. ಬೀಗರಿಗೆ ಬೇರೆ ಕಾಗದ ಬರೆದಿದ್ದೇನೆ.

ಆದರೆ ನಿನ್ನನ್ನೂ ಒಂದು ಮಾತು ಕೇಳದೆ ಬಿಡುವುದಿಲ್ಲ. ಒಂದೇ ಒಂದು ಶನಿವಾರ “ಬಾರೇ, ನೀನೇ ನೋಡು” ಎಂದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗಲು ನಿನಗೇನು ಧಾಡಿ ಬಂದಿತ್ತು? ನಾನು ಬಾಯಿಬಡುಕಿ, ಒಪ್ಪಿದೆ. ನೀನು ಕಲ್ಲು. ಕಲ್ಲಿಗೆ ತಲೆ ಚಚ್ಚಿಕೊಂಡರೆ ರಕ್ತ ಬರುವುದು ಯಾರಿಗೆ?

ವೆಂಡೆಲ್ ಭಾನುವಾರ ಎರಡು ಫ್ಲೋಟನ್ನೂ ಹಾಕಿಕೊಟ್ಟ. ಪೆಟ್ರೋಲ್ ಹಾಕಿ ನೋಡಿದೆವು. ಗುಂಡಿ ಒತ್ತಿ ಮುಂದಿನ ಟ್ಯಾಂಕಿಗೆ ತಿರುಗಿಸಿದರೂ ಸರಿ, ಹಿಂದಿನದಕ್ಕೆ ತಿರುಗಿಸಿದರೂ ಸರಿ, ಮುಳ್ಳು ಇದ್ದದ್ದನ್ನು ಇದ್ದಂತೆ ಹೇಳುತ್ತದೆ. ಇಲಿಗೂಡು ತೆಗೆದು, ಸೀಟು ಒರೆಸಿ, ಕೀಲಿಯನ್ನು ಅದರಲ್ಲೇ ಬಿಟ್ಟಿದ್ದೇನೆ. ನನ್ನ ಮುಖ ನೋಡುವ ಮನಸ್ಸಿಲ್ಲದಿದ್ದರೆ ಗೇಟಿನಿಂದ ನೇರ ಗಾಡಿ ಹತ್ತಿ ಹೋಗು, ನಾನು ಅಡುಗೆಮನೆಯಿಂದ ಹೊರಗೆ ಬರುವುದಿಲ್ಲ. ನಿಲ್ಲು ಎನ್ನುವ ಹಕ್ಕು ನನಗಿಲ್ಲ, ಅನ್ನುವುದೂ ಇಲ್ಲ.

ಇಂತಿ,
ಲವೊನ್

ತಾ.ಕ.: ಪರೀಕ್ಷೆ ಮುಗಿದ ಮೇಲೆ ಎರಡು ಟ್ಯಾಂಕಿನ ಪೆಟ್ರೋಲನ್ನೂ ಒಂದು ಹನಿ ಬಿಡದೆ ವೆಂಡೆಲ್‌ನ ಗಾಡಿಗೆ ಸುರಿಸಿಬಿಟ್ಟೆ. ಮುಳ್ಳು ಖಾಲಿ ಎಂದು ತೋರಿಸಿದರೆ ಕೆಟ್ಟಿದೆ ಎಂದುಕೊಳ್ಳಬೇಡ, ಖಾಲಿಯೇ. ಊರಿನ ಬಂಕ್ ಶನಿವಾರ ಐದಕ್ಕೆ ಮುಚ್ಚಿದರೆ ಮತ್ತೆ ತೆಗೆಯುವುದು ಸೋಮವಾರವೇ. ಡಾರ್ಲಾಗೆ ದಾರಿಯಲ್ಲಿ ನಿಧಾನವಾಗಿ ಓಡಿಸಲು ಹೇಳಿದ್ದೇನೆ.