ಸ್ವೆಟರಿನ ಒಂದು ತೋಳು

ಅಮ್ಮಾ,

ಮೊದಲೇ ಹೇಳಿಬಿಡುತ್ತೇನೆ, ಬೈಯಬೇಡ. ಇಲಿ ಕಂಡರೆ ಕುರ್ಚಿ ಹತ್ತಿ ಬೀದಿಗೆಲ್ಲ ಕೇಳುವಂತೆ ಕಿರುಚುತ್ತಿದ್ದವಳು ನೀನು. ಈಗ ನಿನ್ನ ಸ್ವೆಟರಿನಲ್ಲೇ ಎರಡು ಇಲಿಗಳು ಮಲಗಿವೆ.

ಯಾರೋ ಸಾಕಿ ಕೈಬಿಟ್ಟ ಅಕ್ಕತಂಗಿಯರು. ಹೊಸ ಮನೆ ಸಿಗುವವರೆಗೆ ನನ್ನ ಹತ್ತಿರ ಇದ್ದಾರೆ. ಅಕ್ಕ ಬಂದವಳೇ ನನ್ನ ಹೆಗಲೇರಿದಳು. ತಂಗಿ ಮಾತ್ರ ಮಹಾ ಪುಕ್ಕಲಿ, ಕೈ ಕಂಡರೆ ಮೂಲೆ ಸೇರುತ್ತಿದ್ದಳು. “ನೀವು ಹಾಕ್ಕೊಳ್ಳೋ ಬಟ್ಟೆ ಗೂಡಲ್ಲಿಡಿ, ವಾಸನೆ ಅಭ್ಯಾಸ ಆದ್ರೆ ತಾನಾಗೇ ಬರ್ತಾಳೆ” ಎಂದರು ಪ್ರಾಣಿಗಳ ಡಾಕ್ಟರು. ನೀನು ಹೋದಾಗಿನಿಂದ ಮನೆಯಲ್ಲಿ ನಾನು ಹಾಕಿಕೊಳ್ಳುವುದು ನಿನ್ನ ಸ್ವೆಟರನ್ನೇ. ಅದನ್ನೇ ಇಟ್ಟೆ.

ಇವತ್ತು ಬೆಳಿಗ್ಗೆ ಪುಕ್ಕಲಿ ಅದರ ತೋಳಿನೊಳಗಿಂದ ಮೀಸೆ ಅಲ್ಲಾಡಿಸುತ್ತಾ ಬಂದು, ನನ್ನ ಅಂಗೈಯಲ್ಲಿ ಮುದುರಿಕೊಂಡು, ಕಟಕಟ ಹಲ್ಲು ಮಸೆದಳು. ಖುಷಿಯಾದರೆ ಹಾಗೆ ಮಾಡುತ್ತಾರಂತೆ. ನೋಡಿದ್ದರೆ ನೀನೂ ಕುರ್ಚಿಯಿಂದ ಇಳಿಯುತ್ತಿದ್ದೆ.

ನಾಳೆ ಒಬ್ಬ ಟೀಚರು ಇಬ್ಬರನ್ನೂ ಕರೆದುಕೊಂಡು ಹೋಗುತ್ತಾರೆ. “ಆ ಬಟ್ಟೇನೂ ಕೊಡ್ತೀರಾ? ಹೊಸ ಜಾಗ, ಹೆದರ್ಕೋಬಾರದಲ್ಲ” ಎಂದು ಕೇಳಿದರು.

ಹೊಲಿಗೆ ಬಿಚ್ಚಿ ಒಂದು ತೋಳು ತೆಗೆದಿಟ್ಟಿದ್ದೇನೆ. ಪೂರ್ತಿ ಕೊಡಲಾಗಲಿಲ್ಲ, ಅಮ್ಮಾ. ಈ ಮನೆಯಲ್ಲಿ ಇನ್ನೊಬ್ಬಳು ಪುಕ್ಕಲಿ ಇದ್ದಾಳೆ.